ಪದಚರ್ಚೆ: ಶೆರ್ಪರ ‘ಕ್ಯಿದುಗ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದಲ್ಲಿ ನೆಲೆಸಿರುವ ಶೆರ್ಪರ ಸಂಘದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬರವಣಿಗೆ ಸಂಘದ ಹೆಸರಿನಲ್ಲಿಯೇ ತಡೆದು ನಿಂತಿದೆ. 1996ರಲ್ಲಿ ಸ್ಥಾಪನೆಯಾದ ಈ ಸಂಘಕ್ಕೆ ಇಂಗ್ಲಿಷಿನಲ್ಲಿ ‘ಯುನೈಟೆಡ್ ಶೆರ್ಪಾ ಅಸೋಸಿಯೇಷನ್’ ಎಂಬ ಹೆಸರಿದೆ. ಶೆರ್ಪರ ನುಡಿಯಲ್ಲಿ ಅದು ‘ಶೆರ್ಪಾ ಕ್ಯಿದುಗ್’. ಮೊದಲ ಹೆಸರನ್ನು ಹಿಡಿದರೆ ‘ಸಂಯುಕ್ತ ಶೆರ್ಪ ಸಂಘ’ ಎಂದು ಬರೆದು ಮುಂದೆ ಸಾಗಬಹುದು. ಆದರೆ ಸಂಘ ಏಕೆ ಹುಟ್ಟಿತು, ಏನು ಮಾಡುತ್ತದೆ ಎಂಬುದನ್ನು ಹೇಳುವುದು ಎರಡನೆಯ ಹೆಸರು. ಅದಕ್ಕೆ ತಕ್ಕ ಕನ್ನಡವನ್ನು ಹುಡುಕುವುದಕ್ಕಾಗಿ ಈ ಪತ್ರ.

ಕ್ಯಿದುಗ್ ಎಂಬುದು ಟಿಬೆಟನ್ ಮೂಲದ ಜೋಡುಪದ. ‘ಕ್ಯಿದ್’ ಎಂದರೆ ಸುಖ, ‘ದುಗ್’ ಎಂದರೆ ದುಃಖ. ಎರಡೂ ಸೇರಿದಾಗ, ಒಬ್ಬರ ಸುಖದುಃಖಕ್ಕೆ ಇನ್ನೊಬ್ಬರು ಹೊಣೆಯಾಗಿ ನಿಲ್ಲುವ ಕೂಟಕ್ಕೆ ಅದೇ ಹೆಸರಾಗುತ್ತದೆ. ಹಳೆಯ ಲಾಸಾದಲ್ಲಿ ಒಂದೇ ಕಸುಬಿನವರು ಅಥವಾ ಒಂದೇ ಸೀಮೆಯಿಂದ ಬಂದವರು ಇಂಥ ಕ್ಯಿದುಗ್‌ಗಳನ್ನು ಕಟ್ಟಿಕೊಂಡು, ಸದಸ್ಯರು ಕೊಟ್ಟ ಹಣವನ್ನು ಒಟ್ಟುಮಾಡಿ, ಮದುವೆಗೂ ಕಾಯಿಲೆಗೂ ಸಾವಿಗೂ ಒಬ್ಬರಿಗೊಬ್ಬರು ಒದಗುತ್ತಿದ್ದರು. ಶೆರ್ಪರ ನುಡಿ ಟಿಬೆಟನ್ನಿನ ಬಳಗಕ್ಕೆ ಸೇರಿದ್ದು. ಆದ್ದರಿಂದ ಈ ಪದ ಅವರಿಗೆ ಹೊರಗಿನದಲ್ಲ.

ಕನ್ನಡದಲ್ಲಿ ಮೊದಲು ನೆನಪಾಗುವುದು ‘ಸುಖದುಃಖ’. ಅಕ್ಷರಕ್ಕೆ ಅಕ್ಷರ ಹೊಂದಿದರೂ ಅದರಲ್ಲಿ ವೇದಾಂತದ ಧ್ವನಿ ಹೆಚ್ಚು. ಸುಖದುಃಖಗಳನ್ನು ಸಮನಾಗಿ ಕಾಣಬೇಕು ಎಂಬ ಉಪದೇಶದ ಜೊತೆಗೇ ಅದು ನಮ್ಮ ಕಿವಿಗೆ ಬೀಳುತ್ತದೆ. ‘ನೋವುನಲಿವು’ ಚೆಲುವಾದ ಮಾತು, ಆದರೆ ಅದು ಮನಸ್ಸಿನ ಭಾವವನ್ನು ಹೇಳುತ್ತದೆಯೇ ಹೊರತು ಕೈಯ ಕೆಲಸವನ್ನಲ್ಲ. ನನ್ನ ಒಲವು ‘ಕಷ್ಟಸುಖ’ದ ಕಡೆಗಿದೆ. ‘ಕಷ್ಟಸುಖ ವಿಚಾರಿಸಿದರು’, ‘ನಮ್ಮ ಕಷ್ಟಸುಖಕ್ಕೆ ಆದವರು’ ಎನ್ನುವಾಗ ಬರಿಯ ಸಹಾನುಭೂತಿಯಲ್ಲ, ಬಂದು ನಿಲ್ಲುವುದು, ಹಣ ಹೊಂದಿಸುವುದು, ಹೆಣಕ್ಕೆ ಹೆಗಲು ಕೊಡುವುದು ಎಲ್ಲವೂ ಆ ಮಾತಿನೊಳಗಿರುತ್ತವೆ. ಟಿಬೆಟನ್ನಿನಲ್ಲಿ ಸುಖ ಮುಂದೆ ಬರುತ್ತದೆ, ಕನ್ನಡದಲ್ಲಿ ಕಷ್ಟ ಮುಂದೆ ಬರುತ್ತದೆ; ಈ ಕ್ರಮವ್ಯತ್ಯಾಸದಿಂದ ಅರ್ಥಕ್ಕೆ ಬಾಧೆಯಿಲ್ಲವೆಂದು ನನ್ನ ಎಣಿಕೆ.

‘ಮುಯ್ಯಿ’ಯನ್ನೂ ತೂಗಿ ನೋಡಿದ್ದೇನೆ. ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಹೋಗಿ, ಅದೇ ಲೆಕ್ಕದಲ್ಲಿ ಅವರು ಇವರ ಹೊಲಕ್ಕೆ ಬರುವ ‘ಮುಯ್ಯಾಳು’ ಪದ್ಧತಿ, ಮದುವೆಯಲ್ಲಿ ಹಾಕುವ ಮುಯ್ಯಿ, ಇವೆರಡೂ ಕ್ಯಿದುಗ್‌ನ ವ್ಯವಹಾರಕ್ಕೆ ಬಹಳ ಹತ್ತಿರದವು. ಆದರೆ ಮುಯ್ಯಿ ಇಬ್ಬರ ನಡುವಿನ ಲೆಕ್ಕ. ಕೊಟ್ಟವರಿಗೇ ತಿರುಗಿ ಕೊಡಬೇಕು. ಕ್ಯಿದುಗ್‌ನಲ್ಲಿ ಕೊಡುವುದು ಕೂಟಕ್ಕೆ, ಪಡೆಯುವುದೂ ಕೂಟದಿಂದ. ಜೊತೆಗೆ ‘ಮುಯ್ಯಿ ತೀರಿಸಿಕೊಂಡ’ ಎಂಬ ಸೇಡಿನ ಅರ್ಥ ಇಂದಿನ ಓದುಗರಿಗೆ ಮೊದಲು ಹೊಳೆಯುವ ಅಪಾಯವೂ ಇದೆ.

ಈ ಸಂಘದ ಕೆಲಸವನ್ನು ನೋಡಿದರೆ ‘ಕಷ್ಟಸುಖ’ ಎಷ್ಟು ಹೊಂದುತ್ತದೆ ಎಂಬುದು ತಿಳಿಯುತ್ತದೆ. ನೇಪಾಳದ ಸೊಲುಖುಂಬು ಜಿಲ್ಲೆಯ ಹಳ್ಳಿಗಳಿಂದಲೂ ಕಠ್ಮಂಡುವಿನಿಂದಲೂ ಅಮೆರಿಕಕ್ಕೆ ಹೋದ ಶೆರ್ಪರಲ್ಲಿ ಬಹಳ ಮಂದಿ ಟ್ಯಾಕ್ಸಿ ಓಡಿಸಿದರು, ಅಡುಗೆಮನೆಗಳಲ್ಲಿಯೂ ಮನೆಗೆಲಸದಲ್ಲಿಯೂ ದುಡಿದರು. ಶಿಖರಗಳಲ್ಲಿ ಹೆಸರು ಮಾಡಿದವರೂ ಅವರಲ್ಲಿದ್ದರು. 1996ರಲ್ಲಿಯೇ ನೇಪಾಳದಲ್ಲಿ ಮಾವೋವಾದಿ ಸಂಘರ್ಷ ಆರಂಭವಾಗಿ 2006ರವರೆಗೆ ನಡೆದದ್ದು ಊರು ಬಿಡುವುದಕ್ಕೆ ಇನ್ನೊಂದು ಕಾರಣವಾಯಿತು. ಪರದೇಶದಲ್ಲಿ ಸಾವು ಸಂಭವಿಸಿದರೆ ಲಾಮಾ ಬೇಕು, 49 ದಿನಗಳ ಕ್ರಿಯೆ ನಡೆಯಬೇಕು, ಹಗಲುರಾತ್ರಿ ಪಾಳಿಯಲ್ಲಿ ದುಡಿಯುವ ಒಂಟಿ ಸಂಸಾರ ಅದನ್ನು ತಾನೊಂದೇ ನಿಭಾಯಿಸುವುದು ಕಷ್ಟ. ಎಲ್ಮ್‌ಹರ್ಸ್ಟ್‌ನಲ್ಲಿ, ಹಿಂದೆ ಚರ್ಚ್ ಆಗಿದ್ದ ಕಟ್ಟಡವೊಂದು ಇಂದು ಸಂಘದ ಮನೆ. ಪ್ರಾರ್ಥನೆಯ ಆ ಸಭಾಂಗಣದಲ್ಲಿ ಈಗ ಗೊಂಪಾ, ಎಂದರೆ ಬೌದ್ಧ ಪೂಜಾಮಂದಿರ, ಇದೆ. ಹೊಸವರ್ಷದ ಲೋಸಾರ್ ಹಬ್ಬ, ಮಕ್ಕಳಿಗೆ ಶೆರ್ಪ ನುಡಿಯ ಪಾಠ, ಸತ್ತವರಿಗಾಗಿ ಪೂಜೆ ಎಲ್ಲವೂ ಅಲ್ಲಿಯೇ ನಡೆಯುತ್ತವೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಗಿ ಸುಮಾರು 9,000 ಜನ ಸತ್ತಾಗ, ಪರಿಹಾರಕ್ಕಾಗಿ ಹಣ ಸಂಗ್ರಹಿಸುವ ಕೆಲಸಕ್ಕೂ ಈ ಸಂಘ ಕೈಹಾಕಿತು.

ಆದ್ದರಿಂದ ಮೂಲದ ಹೆಸರನ್ನು ಉಳಿಸಿಕೊಂಡು, ಮೊದಲ ಬಾರಿ ಬಂದಲ್ಲಿ ‘ಶೆರ್ಪಾ ಕ್ಯಿದುಗ್, ಎಂದರೆ ಶೆರ್ಪರ ಕಷ್ಟಸುಖದ ಕೂಟ’ ಎಂದು ಬರೆಯುವ ಯೋಚನೆಯಿದೆ. ‘ಸಂಘ’ದ ಬದಲು ‘ಕೂಟ’ವನ್ನು ಆರಿಸಿದ್ದಕ್ಕೆ ಕಾರಣವಿದೆ. ಉತ್ತರ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ತಮ್ಮ ಎಷ್ಟೋ ಸಂಘಟನೆಗಳಿಗೆ ‘ಕನ್ನಡ ಕೂಟ’ ಎಂದೇ ಹೆಸರಿಟ್ಟಿದ್ದಾರೆ. ಪರದೇಶದಲ್ಲಿ ತಮ್ಮವರು ಸೇರುವ ಜಾಗ ಎಂಬ ಅರ್ಥ ಆ ಪದಕ್ಕೆ ಆಗಲೇ ಕೂಡಿಬಂದಿದೆ. ‘ಒಕ್ಕೂಟ’ ಎಂದರೆ ಹಲವು ಸಂಘಗಳ ಮೇಲಿನ ಸಂಸ್ಥೆ ಎಂದಾಗುತ್ತದೆ, ಅದು ಇಲ್ಲಿ ಸಲ್ಲದು. ವಿಭಕ್ತಿ ಹಚ್ಚುವಾಗ ‘ಕ್ಯಿದುಗ್‌ಗೆ’, ‘ಕ್ಯಿದುಗ್‌ನಲ್ಲಿ’ ಎಂದು ಎಡವುವುದಕ್ಕಿಂತ ‘ಕ್ಯಿದುಗು’ ಎಂದು ಉಕಾರ ಸೇರಿಸಿ ‘ಕ್ಯಿದುಗಿಗೆ’, ‘ಕ್ಯಿದುಗಿನಲ್ಲಿ’ ಎನ್ನುವುದು ನಾಲಿಗೆಗೆ ಹಿತ. ಆದರೆ ಹೆಸರಿನ ರೂಪವನ್ನು ಬದಲಿಸುವ ಹಕ್ಕು ನಮಗೆಷ್ಟಿದೆ ಎಂಬುದರಲ್ಲಿ ತಿಳಿದವರ ಅಭಿಪ್ರಾಯ ಬೇಕು.

ಇನ್ನು ಬಹುವಚನ. ನಮ್ಮ ಪತ್ರಿಕೆಗಳಲ್ಲಿ ‘ಶೆರ್ಪಾಗಳು’ ಎಂಬ ರೂಪ ರೂಢಿಯಾಗಿದೆ, ಇದನ್ನು ನಾವು ಬಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಗುರುಗಳು, ಬಂಗಾಳಿಗಳು ಎನ್ನುತ್ತೇವಾದ್ದರಿಂದ ‘ಗಳು’ ಪ್ರತ್ಯಯ ಮನುಷ್ಯರಿಗೆ ಸಲ್ಲದು ಎಂದು ನಾನು ಹೇಳುತ್ತಿಲ್ಲ. ಆದರೆ ಅಕಾರದಲ್ಲಿ ಕೊನೆಗೊಳ್ಳುವ ಜನಾಂಗದ ಹೆಸರಿಗೆ ಕನ್ನಡ ಸಹಜವಾಗಿ ‘ರು’ ಹಚ್ಚುತ್ತದೆ: ಕೊಡವರು, ಬಡಗರು. ಅದೇ ದಾರಿಯಲ್ಲಿ ‘ಶೆರ್ಪ, ಶೆರ್ಪರು, ಶೆರ್ಪರಿಗೆ’ ಎಂದಾಗಬೇಕು. ‘ಶೆರ್ಪಾಗಳು’ ಎಂದು ಬರೆಯುವಾಗ ನಮ್ಮ ಮನಸ್ಸಿನಲ್ಲಿರುವುದು ಹೊರೆ ಹೊರುವ ಒಂದು ವೃತ್ತಿ. ಪರ್ವತಾರೋಹಣದ ವರದಿಗಳು ಬೇರೆ ಸಮುದಾಯದ ಸಹಾಯಕರನ್ನೂ ಅದೇ ಹೆಸರಿನಿಂದ ಕರೆಯುತ್ತವೆ, ಜಿ20 ಸಭೆಗೆ ದೇಶದ ಪರವಾಗಿ ಹೋಗುವ ಅಧಿಕಾರಿಯೂ ‘ಶೆರ್ಪಾ’ ಆಗಿದ್ದಾರೆ. ಮೂಲದಲ್ಲಿ ಅದು ‘ಶರ್’, ಅಂದರೆ ಮೂಡಣ ದಿಕ್ಕಿನಿಂದ ಬಂದವರು ಎಂದು ಹೇಳುವ ಜನಾಂಗನಾಮ. ಸಂಘದ ಚರಿತ್ರೆ ಆ ಜನಾಂಗದ ಚರಿತ್ರೆಯೇ ಹೊರತು ಕೂಲಿಯ ಚರಿತ್ರೆಯಲ್ಲ.

ಈ ಗೊಂದಲ ಡಾರ್ಜಿಲಿಂಗಿನ ಕಾಲದಿಂದ ಬಂದದ್ದು. ಸೊಲುಖುಂಬುವಿನ ಖುಂಬು ಸೀಮೆಯಿಂದ ಕೆಲಸ ಹುಡುಕಿಕೊಂಡು ಹೋದ ಶೆರ್ಪರು ಅಲ್ಲಿನ ತುಂಗ್‌ಸುಂಗ್ ಬಸ್ತಿಯಲ್ಲಿ ನೆಲೆನಿಂತರು. 1928ರಲ್ಲಿ ಹುಟ್ಟಿದ ಹಿಮಾಲಯನ್ ಕ್ಲಬ್ ಆರೋಹಣಗಳಿಗೆ ಹೋಗುವವರ ಪಟ್ಟಿ ಇಟ್ಟು, ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟಿತು. ಹುಟ್ಟಿದ ವಾರದ ಮೇಲೆ ಹೆಸರಿಡುವ ಪದ್ಧತಿ ಶೆರ್ಪರಲ್ಲಿರುವುದರಿಂದ (ಭಾನುವಾರ ಹುಟ್ಟಿದವರು ನಿಮಾ, ಸೋಮವಾರ ದಾವಾ, ಶುಕ್ರವಾರ ಪಸಾಂಗ್, ಶನಿವಾರ ಪೆಂಬಾ) ಒಂದೇ ಹೆಸರಿನವರು ಹಲವರಿದ್ದು, ಗುರುತಿಗೆ ಆ ಸಂಖ್ಯೆ ಒದಗಿರಬೇಕು. ಶೆರ್ಪರು ತಮ್ಮದೇ ಸಂಘಟನೆ ಕಟ್ಟಿಕೊಂಡದ್ದೂ ಆ ಊರಿನಲ್ಲಿಯೇ: ಮೊದಲು ಧಾರ್ಮಿಕ ಉದ್ದೇಶದ ಬೌದ್ಧ ಸಂಘ, 1950ರ ದಶಕದಲ್ಲಿ ತೇನ್‌ಸಿಂಗ್ ನೋರ್ಗೆ ಅವರ ಮುಂದಾಳುತನದಲ್ಲಿ ಆರೋಹಿಗಳ ಸಂಘ. ಬೆಟ್ಟದಲ್ಲಿ ಸತ್ತವರ ಮನೆಯವರಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆ ಅಲ್ಲಿ ಸಂಘದ ಪ್ರಶ್ನೆಯಾಯಿತು. ಕ್ವೀನ್ಸ್‌ನ ಕ್ಯಿದುಗ್‌ಗೆ ಇದು ನೇರ ಪೂರ್ವಜವಲ್ಲದಿದ್ದರೂ ಊರು ಬಿಟ್ಟ ಶೆರ್ಪರು ಕೂಟ ಕಟ್ಟಿಕೊಂಡದ್ದು ಅಮೆರಿಕದಲ್ಲಿಯೇ ಮೊದಲಲ್ಲ ಎಂಬುದಕ್ಕಾಗಿ ಇದನ್ನು ಹೇಳಲೇಬೇಕಾಗಿದೆ.

ಇದರಿಂದ ‘ವಲಸಿಗ’ ಪದದ ತೊಡಕೂ ಎದ್ದಿದೆ. ‘ಅನಿವಾಸಿ’ ಎಂದರೆ ನಮ್ಮಲ್ಲಿ ಅನಿವಾಸಿ ಭಾರತೀಯ ಎಂದೇ ಅರ್ಥ. ‘ಗುಳೆ’ ಎಂದರೆ ಸುಗ್ಗಿ ಮುಗಿದ ಮೇಲೆ ಹೋಗಿ ಮಳೆಗೆ ಮರಳುವುದು. ಕಾಲಕಾಲಕ್ಕೆ ಆರೋಹಣದ ಕೆಲಸಕ್ಕೆ ಹೋಗಿ ಮರಳುತ್ತಿದ್ದವರಿಗೆ ಅದು ಚೆನ್ನಾಗಿ ಹೊಂದುತ್ತದೆ, ಕ್ವೀನ್ಸ್‌ನಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಹೊಂದುವುದಿಲ್ಲ. ಮೊದಲಿನವರಿಗೆ ‘ಗುಳೆ’, ಇವರಿಗೆ ‘ವಲಸೆ’ ಎಂದು ಎರಡನ್ನೂ ಬೇರೆಬೇರೆಯಾಗಿ ಬಳಸುವುದು ಸರಿಯೇ ಎಂದು ಕೇಳುತ್ತಿದ್ದೇನೆ. ಶೆರ್ಪರ ಒಳಗಣ ಕುಲಗಳ ವಿಚಾರವೂ ಇದೆ: ಸಲಾಕಾ, ಪಿನಾಸಾ, ಗರ್ಜಾ ಮುಂತಾದವುಗಳಲ್ಲಿ ಒಂದೇ ಕುಲದವರು ತಮ್ಮತಮ್ಮಲ್ಲಿ ಮದುವೆಯಾಗುವುದಿಲ್ಲ. ಇವನ್ನು ‘ಗೋತ್ರ’ ಎನ್ನುವುದಕ್ಕಿಂತ, ಒಂದೇ ಮೂಲದ ಮನೆತನಗಳ ಗುಂಪಿಗೆ ನಮ್ಮಲ್ಲಿ ಹೇಳುವ ‘ಬೆಡಗು’ ಅಥವಾ ‘ಬಳಿ’ ಎನ್ನುವುದು ಮೇಲೆಂದು ನನಗನ್ನಿಸುತ್ತದೆ. ಸರಕಾರಿ ಕಾಗದಗಳಲ್ಲಿ ಬಹುಪಾಲು ಮಂದಿಯ ಕೊನೆಯ ಹೆಸರು ‘ಶೆರ್ಪಾ’ ಎಂದೇ ಇರುವುದರಿಂದ ಈ ಬೆಡಗಿನ ಹೆಸರುಗಳು ಹೊರಗಿನವರಿಗೆ ಕಾಣುವುದೇ ಇಲ್ಲ.

ಕೊನೆಯದಾಗಿ ಬೈಲಕುಪ್ಪೆ, ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯ ಓದುಗರಲ್ಲಿ ಒಂದು ವಿನಂತಿ. 1960 ಮತ್ತು 1970ರ ದಶಕಗಳಿಂದ ಅಲ್ಲೆಲ್ಲ ಟಿಬೆಟನ್ನರು ನೆಲೆಸಿದ್ದಾರೆ, ಅವರ ಸಮುದಾಯದಲ್ಲಿಯೂ ಕ್ಯಿದುಗ್ ಬಳಕೆಯಲ್ಲಿರುವ ಪದ. ಅವರು ಕನ್ನಡ ಮಾತಾಡುವಾಗ ಅದನ್ನು ಏನೆಂದು ಹೇಳುತ್ತಾರೆ? ಸುತ್ತಲಿನ ಹಳ್ಳಿಯವರ ಬಾಯಲ್ಲಿ ಅದಕ್ಕೆ ಬೇರೆ ಹೆಸರಿದೆಯೆ? ಕೊನೆಯ ಗಕಾರ ಅವರ ಉಚ್ಚಾರಣೆಯಲ್ಲಿ ಕೇಳಿಸುತ್ತದೆಯೆ, ಅಥವಾ ‘ಕಿದು’ ಎಂದಷ್ಟೇ ನಿಲ್ಲುತ್ತದೆಯೆ? ಕಿವಿಯಾರೆ ಕೇಳಿದವರು ತಿಳಿಸಿದರೆ ಬರಹದಲ್ಲಿ ಆ ರೂಪವನ್ನೇ ಬಳಸುತ್ತೇನೆ.

ವಂದನೆಗಳೊಂದಿಗೆ.