ಅಡ್ಡ ಕೊರೆದ ತೈಲಬಾವಿಯ ರಾಯಲ್ಟಿ: ಡಿವಿಷನ್ ಆರ್ಡರ್‌ಗೆ ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ನಾರ್ತ್ ಡಕೋಟಾದ ಮೆಕೆಂಜಿ ಕೌಂಟಿಯಲ್ಲಿ ನನ್ನ ಹೆಂಡತಿಗೆ ಅವರ ಅಜ್ಜನ ಕಡೆಯಿಂದ 20 ಎಕರೆ ಖನಿಜ ಹಕ್ಕು ಬಂದಿದೆ. ಕಂಪನಿಗೆ ಕೊಟ್ಟ ಲೀಸ್‌ನಲ್ಲಿ ರಾಯಲ್ಟಿ (ಉತ್ಪಾದನೆಯಲ್ಲಿ ಖನಿಜ ಮಾಲೀಕರ ಪಾಲು) 18.75%. ಆದರೆ ಕಂಪನಿ ಕಳಿಸಿರುವ ಡಿವಿಷನ್ ಆರ್ಡರ್‌ನಲ್ಲಿ (ಬಾವಿಯ ಆದಾಯದಲ್ಲಿ ಯಾರಿಗೆಷ್ಟು ಅಂತ ಬರೆದ ಪತ್ರ) ನಮ್ಮ ಪಾಲು 0.00292969 ಅಂತಿದೆ. ಬಾವಿ ಕೊರೆದಿರೋದು ಹೆಚ್ಚುಕಡಿಮೆ ಎರಡು ಮೈಲಿ ಆಚೆ. ಇದು ಸರೀನಾ? ಬಲ್ಲವರು ತಿಳಿಸಿ.

ಉತ್ತರ 1: ಸರ್, ಯೂನಿಟ್ (ಬಾವಿಯ ಆದಾಯ ಹಂಚಲು ಒಟ್ಟುಗೂಡಿಸಿದ ಜಮೀನು) 1280 ಎಕರೆಯದ್ದಾಗಿದ್ದರೆ ಲೆಕ್ಕ ಸರಿ ಇದೆ. 20ನ್ನು 1280ರಿಂದ ಭಾಗಿಸಿ, 0.1875ರಿಂದ ಗುಣಿಸಿ, ಅದೇ ಬರುತ್ತೆ. ಅಲ್ಲಿನ ಬಾಕೆನ್ ಶಿಲಾಪದರದ ಬಾವಿ ಸುಮಾರು ಎರಡು ಮೈಲಿ ಆಳಕ್ಕಿಳಿದು, ಅಲ್ಲಿಂದ ಇನ್ನೆರಡು ಮೈಲಿ ಅಡ್ಡಕ್ಕೆ ಹೋಗುತ್ತೆ. ಅದಕ್ಕೇ ತಲಾ 640 ಎಕರೆಯ ಎರಡು ಸೆಕ್ಷನ್ ಸೇರಿಸಿ ಯೂನಿಟ್ ಮಾಡ್ತಾರೆ. ಪೈಪು ನಿಮ್ಮ ನೆಲದಡಿಯೇ ಹಾದುಹೋಗಬೇಕಿಲ್ಲ, ಯೂನಿಟ್ ಒಳಗಿದ್ದರೆ ಪಾಲುಂಟು. ತಿಂಗಳಿಗೆ 10,000 ಬ್ಯಾರೆಲ್, ಬೆಲೆ 60 ಡಾಲರ್ ಅಂದುಕೊಂಡರೆ ತೆರಿಗೆಗೆ ಮುಂಚೆ ಸುಮಾರು 1,758 ಡಾಲರ್. ಆದರೆ ಮೊದಲ ವರ್ಷದಲ್ಲೇ ಉತ್ಪಾದನೆ ಅರ್ಧಕ್ಕಿಂತ ಕೆಳಗಿಳಿಯುತ್ತೆ. ಮೊದಲ ಚೆಕ್ ನೋಡಿ ಸಾಲ ಮಾಡಬೇಡಿ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ಆ 20 ಎಕರೆ ನಿಜಕ್ಕೂ ನೆಟ್ ಎಕರೆಯೇ (ಖನಿಜ ಪೂರ್ತಿ ನಿಮ್ಮದೇ ಆದ ಎಕರೆ) ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ. ತಪ್ಪಾಗೋದು ಹೆಚ್ಚಾಗಿ ಇಲ್ಲೇ. ಹಿಂದೆ ಜಮೀನು ಮಾರಿದವರು ಖನಿಜದಲ್ಲಿ ಅರ್ಧ ತಮಗೇ ಉಳಿಸಿಕೊಂಡಿದ್ದರೆ ನಿಮ್ಮದು ಹತ್ತೇ ಎಕರೆ. ಕೌಂಟಿ ರೆಕಾರ್ಡರ್ ಕಚೇರಿಯ ಕ್ರಯಪತ್ರಗಳನ್ನು ಅಜ್ಜನವರೆಗೂ, ಅದಕ್ಕೂ ಹಿಂದಕ್ಕೂ ನೋಡಿಸಿ. ಇನ್ನೊಂದು, ಸೆಕ್ಷನ್ ಗಡಿಯ ಮೇಲೇ ಕೊರೆಯುವ ಬಾವಿಗೆ 2560 ಎಕರೆಯ ಯೂನಿಟ್ ಮಾಡಿರ್ತಾರೆ. ಆ ಬಾವಿಗೆ ನಿಮ್ಮ ಪಾಲು 0.00146484, ಅರ್ಧ. ಹಾಗಾಗಿ ಒಂದೊಂದು ಬಾವಿಗೂ ರಾಜ್ಯದ ಇಂಡಸ್ಟ್ರಿಯಲ್ ಕಮಿಷನ್‌ನ ಸ್ಪೇಸಿಂಗ್ ಆರ್ಡರ್ (ಯೂನಿಟ್ ಎಷ್ಟು ಎಕರೆ ಅಂತ ನಿಗದಿ ಮಾಡುವ ಆದೇಶ) ತೆಗೆದು ನೋಡಿ.

ಉತ್ತರ 3: ಚೆಕ್ ಜೊತೆ ಬರುವ ಚೀಟಿಯಲ್ಲಿ ಪ್ರತಿ ಸಾಲನ್ನೂ ಓದಿ. ಎಣ್ಣೆಯ ಮೇಲೆ ರಾಜ್ಯದ ತೆರಿಗೆ ಎರಡು, ತಲಾ 5%. ಅದರ ಕೆಳಗೆ ಗ್ಯಾದರಿಂಗ್ (ಬಾವಿಯಿಂದ ಗ್ಯಾಸ್ ಸಂಗ್ರಹಿಸೋದು), ಕಂಪ್ರೆಷನ್ (ಅದರ ಒತ್ತಡ ಹೆಚ್ಚಿಸೋದು), ಸಾಗಣೆ ಅಂತ ಕಡಿತ ಇದ್ದರೆ ಲೀಸ್ ತೆಗೆದು ನೋಡಿ, ಅದಕ್ಕೆ ಅವಕಾಶ ಇದೆಯಾ ಅಂತ. ಗ್ಯಾಸಿನ ಹಣ ಈ ಕಡಿತದಲ್ಲೇ ಕರಗಿಹೋಗೋದುಂಟು, ಸುಮ್ಮನೆ ಬಿಡಬೇಡಿ. ಯಾವುದಾದರೂ ತಿಂಗಳು ಹಣವೇ ಬರದಿದ್ದರೆ ತಕ್ಷಣ ಮೋಸ ಅಂದುಕೊಳ್ಳಬೇಡಿ. ಪಕ್ಕದ ಹೊಸ ಬಾವಿಗೆ ಫ್ರ್ಯಾಕಿಂಗ್ (ಒತ್ತಡದ ನೀರಿನಿಂದ ಬಂಡೆ ಬಿರಿಯಿಸೋದು) ಮಾಡುವಾಗ ಹಳೆಯದನ್ನು ಮುಚ್ಚಿಡ್ತಾರೆ. ತೆರೆದ ಮೇಲೂ ಕೆಲವು ವಾರ ನೀರೇ ಹೆಚ್ಚು ಬರಬಹುದು. ಎಣ್ಣೆ ಮಾರಾಟವಾಗಿ 150 ದಿನ ಕಳೆದರೂ ರಾಯಲ್ಟಿ ಕೊಡದಿದ್ದರೆ ವರ್ಷಕ್ಕೆ 18% ಬಡ್ಡಿ ಕೇಳಲು ಅಲ್ಲಿನ ಕಾನೂನಿನಲ್ಲಿ ಹಕ್ಕಿದೆ, ಪತ್ರ ಬರೆದು ಕೇಳಿ. ಹಕ್ಕಿನ ಬಗ್ಗೆಯೇ ತಕರಾರಿದ್ದರೆ ಮಾತ್ರ ಅದು ಸಿಗಲ್ಲ.

ಉತ್ತರ 4: ಟೆಕ್ಸಾಸ್‌ನಲ್ಲಿ ಹಕ್ಕಿರುವವರು ಈ ಲೆಕ್ಕವನ್ನೇ ನೆಚ್ಚಿಕೊಳ್ಳಬೇಡಿ. ಅಲ್ಲಿ ಪೂಲಿಂಗ್ (ಜಮೀನುಗಳನ್ನು ಒಂದು ಯೂನಿಟ್ ಆಗಿ ಸೇರಿಸೋದು) ಇಲ್ಲದೆ ಹಲವು ಲೀಸ್ ದಾಟಿ ಕೊರೆಯುವ ಅಲೊಕೇಷನ್ ಬಾವಿಗಳಿವೆ. ಅವುಗಳಲ್ಲಿ ಸಾಮಾನ್ಯವಾಗಿ ಎಕರೆ ಬದಲು ಉದ್ದ ನೋಡ್ತಾರೆ: 10,000 ಅಡಿಯಲ್ಲಿ 1,500 ಅಡಿ ನಿಮ್ಮ ನೆಲದಡಿ ಇದ್ದರೆ ಉತ್ಪಾದನೆಯ 15% ನಿಮ್ಮ ಲೀಸಿಗೆ. ಕೊರೆದು ಮುಗಿದ ಮೇಲಿನ ಪ್ಲಾಟ್ ನಕ್ಷೆ ಕೇಳಿ ತಗೊಳ್ಳಿ, ಪರ್ಮಿಟ್ ನಕ್ಷೆ ಸಾಲದು.

ಪ್ರಶ್ನೆ ಕೇಳಿದವರಿಗೆ: ತೆರಿಗೆ ಗುರುತಿನ ಸಂಖ್ಯೆ ಕೊಡುವ ಡಬ್ಲ್ಯು-9 ಫಾರ್ಮ್ ತುಂಬಿ ಕಂಪನಿಗೆ ಕಳಿಸೋದು ಮರೀಬೇಡಿ, ಇಲ್ಲದಿದ್ದರೆ ತೆರಿಗೆಗೆಂದು 24% ಹಿಡಿದುಕೊಂಡೇ ಚೆಕ್ ಕೊಡ್ತಾರೆ.