ಮರೆಯಲು ಆಗುತ್ತಿಲ್ಲ, ದಾಟಿ ಬಂದವರು ಹೇಳಿ

ಕೇಳಿದವರು: ನಾನು ಪ್ರೀತಿಸಿದವಳ ಮದುವೆಯಾಗಿ ಮೂರು ವರ್ಷವಾಯಿತು. ಇಬ್ಬರೂ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದಿದವರು. ಈಗಲೂ ಕುಕ್ಕರಹಳ್ಳಿ ಕೆರೆ ಕಡೆ ಹೋಗಲು ಆಗುವುದಿಲ್ಲ. ಮೊಬೈಲ್ ತಾನಾಗಿಯೇ ಹಳೆಯ ಫೋಟೊ ತೋರಿಸುತ್ತದೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಆ ಹುಡುಗಿಗೆ ಇದನ್ನು ಹೇಳಬೇಕಾ?

ಮೈಸೂರಿನಿಂದ: ನನ್ನದೂ ಅದೇ ಕೆರೆ. ಜಾತಿ ಬೇರೆ ಅಂತ ಎರಡೂ ಮನೆಯಲ್ಲಿ ಒಪ್ಪಲಿಲ್ಲ. ಅವನು ಕೆಲಸಕ್ಕೆ ಪುಣೆಗೆ ಹೋದ, ನಾನು ಇಲ್ಲೇ ಉಳಿದೆ. ಉಳಿದವರಿಗೆ ಕಷ್ಟ ಜಾಸ್ತಿ. ಒಂದು ಬಸ್‌ಸ್ಟಾಪ್ ನೋಡಿದರೂ ನೆನಪಾಗುತ್ತದೆ. ನಾಲ್ಕು ವರ್ಷ ಕೆರೆ ಏರಿ ಹತ್ತಲಿಲ್ಲ.

ಆಮೇಲೆ ಅಪ್ಪನಿಗೆ ಶುಗರ್ ಬಂತು. ದಿನಾ ನಡೆಯಬೇಕು ಅಂದರು ಡಾಕ್ಟರು. ಅಪ್ಪನಿಗೆ ಆ ಕೆರೆಯೇ ಬೇಕು. ಮೊದಲ ದಿನ ನಾವು ಕೂರುತ್ತಿದ್ದ ಬೆಂಚು ಬಂದಾಗ ಕಣ್ಣು ತುಂಬಿಕೊಂಡಿತು. ಅಪ್ಪ ನೋಡಿದರು, ಏನೂ ಕೇಳಲಿಲ್ಲ. ಈ ಕೆರೆ ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರು, 1864ರಲ್ಲಿ ಅಂತ ಹೇಳುತ್ತಾ ಮುಂದೆ ನಡೆದರು. ನಡುಗಡ್ಡೆ ಮರಗಳಲ್ಲಿ ಕೂತ ಹೆಜ್ಜಾರ್ಲೆ ಹಕ್ಕಿಗಳನ್ನು ಎಣಿಸತೊಡಗಿದರು. ಈಗ ದಿನಾ ಎಣಿಸುತ್ತೇವೆ. ಅವರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಅವನ ನೆನಪು ಹೋಗಿಲ್ಲ. ಆ ಬೆಂಚಿನ ಹತ್ತಿರ ಅವನೂ ಇದ್ದಾನೆ, ಈಗ ಅಪ್ಪನೂ ಇದ್ದಾರೆ.

ನೀವು ಒಬ್ಬರೇ ಹೋಗಬೇಡಿ. ಹತ್ತಿರದವರು ಯಾರನ್ನಾದರೂ ಕರೆದುಕೊಂಡು ಬೆಳಗ್ಗೆ ಹೋಗಿ. ನೀವಿಬ್ಬರೂ ಹೋಗುತ್ತಿದ್ದ ಹೊತ್ತು ಸದ್ಯಕ್ಕೆ ಬೇಡ.

ಬೆಂಗಳೂರಿನಿಂದ: ಫೋಟೊ ವಿಷಯ. ಗೂಗಲ್ ಫೋಟೋಸ್ ಸೆಟ್ಟಿಂಗ್ಸ್‌ನಲ್ಲಿ ಮೆಮೊರೀಸ್ ಅಂತಿದೆ. ಅಲ್ಲಿ ಒಬ್ಬರ ಮುಖವನ್ನೋ ಕೆಲವು ದಿನಾಂಕಗಳನ್ನೋ ಮರೆಮಾಡಬಹುದು. ಫೋಟೊ ಇದ್ದಲ್ಲೇ ಇರುತ್ತದೆ. ನಾನು ಸಿಟ್ಟಿನಲ್ಲಿ ಎಲ್ಲ ಅಳಿಸಿಬಿಟ್ಟೆ. ಅಜ್ಜಿ ಜೊತೆ ತೆಗೆದ ಫೋಟೊನೂ ಅದರಲ್ಲೇ ಹೋಯಿತು. ಇವತ್ತಿಗೂ ಸಂಕಟ.

ಹಾಸನದಿಂದ: ನನ್ನ ಗಂಡ ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿದರು. ಹತ್ತು ನಿಮಿಷದ ಮಾತು. ಹೆಸರು, ಊರು ಹೇಳಲಿಲ್ಲ, ನಾನೂ ಕೇಳಲಿಲ್ಲ. “ಒಬ್ಬರನ್ನು ತುಂಬ ಇಷ್ಟಪಟ್ಟಿದ್ದೆ, ಆಗಲಿಲ್ಲ. ಕೆಲವೊಮ್ಮೆ ಸುಮ್ನೆ ಕೂತಿರ್ತೀನಿ, ನಿಮ್ಮ ಮೇಲೆ ಬೇಸರ ಅಂತ ತಿಳ್ಕೋಬೇಡಿ” ಅಂದರು. ಒಂಬತ್ತು ವರ್ಷವಾಯಿತು. ಅವರು ಹಾಗೆ ಕೂತ ದಿನ ನಾನು ಕಾಫಿ ಮಾಡಿ ಪಕ್ಕದಲ್ಲಿಟ್ಟು ಬರುತ್ತೇನೆ, ಅಷ್ಟೇ. ಆದರೆ ನಿಮಗೆ ಇನ್ನೂ ದಿನಾ ಅಳು ಬರುತ್ತಿದ್ದರೆ, ಒಂದು ವರ್ಷ ತಡೆಯಿರಿ ಅಂತ ಮನೆಯವರಿಗೆ ಹೇಳಿ. ಬರುವ ಹುಡುಗಿಯ ಬದುಕೂ ಇದರಲ್ಲಿದೆ ಅಲ್ವಾ.

ಧಾರವಾಡದಿಂದ: ಊಟ, ನಿದ್ದೆ ಬಿಟ್ಟಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾದ ಸರ್ಕಾರಿ ಸೇವೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾನು ರಾತ್ರಿ 2 ಗಂಟೆಗೆ ಮಾಡಿದ್ದೆ. ಆ ಕಡೆಯವರು ಅವಸರ ಮಾಡದೆ ಕೇಳಿಸಿಕೊಂಡರು.

ಕೇಳಿದವರು: ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತಂತೆ. ಭಾನುವಾರ ಬೆಳಗ್ಗೆ ಇಬ್ಬರೂ ಕೆರೆಗೆ ಹೋಗುತ್ತಿದ್ದೇವೆ.