ಹೆಣಿಗೆ ಹೊಸದಾಗಿ ಕಲಿಯುವವರು ಎಷ್ಟು ದಪ್ಪದ ಉಲ್ಲನ್ ತಗೋಬೇಕು?

ಪ್ರಶ್ನೆ: ಹೆಣಿಗೆ ಈಗಷ್ಟೇ ಶುರು ಮಾಡುತ್ತಿದ್ದೇನೆ. ಮೊದಲು ಒಂದು ಮಫ್ಲರ್, ಕೈ ಕೂತರೆ ಒಂದು ಟೋಪಿ, ಆಮೇಲೆ ತಂಗಿಯ ಮಗುವಿಗೆ ಸ್ವೆಟರ್ ಹಾಕುವ ಆಸೆ. ಉಲ್ಲನ್ ನೋಡಿದರೆ ಹತ್ತಾರು ದಪ್ಪದಲ್ಲಿ ಸಿಗುತ್ತದೆ. ಕೆಲವು ಲೇಬಲ್ ಮೇಲೆ 3, 4 ಅಂತ ನಂಬರ್ ಇದೆ, ಕೆಲವದರ ಮೇಲೆ 8 ಪ್ಲೈ ಅಂತ ಇದೆ. ದಪ್ಪ ಇದ್ದಷ್ಟೂ ಸುಲಭ ಅಂತ ಹೇಳುತ್ತಾರೆ, ನಿಜವಾ? ಹೆಣೆದು ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ: 4ನೇ ನಂಬರ್ ತಗೊಳ್ಳಿ, ಕಡ್ಡಿ 5 ಮಿ.ಮೀ. ಇರಲಿ. ಬಣ್ಣ ತಿಳಿಯಾಗಿರಲಿ, ದಾರ ನುಣುಪಾಗಿರಲಿ. ಮಫ್ಲರ್ ಶುರು ಮಾಡಲು ಇಷ್ಟು ಸಾಕು.

ಲೇಬಲ್ ಮೇಲಿನ ನಂಬರ್ 0ಯಿಂದ 7ರವರೆಗೆ ಇರುತ್ತದೆ. 0 ಅಂದರೆ ತೀರಾ ಸಣ್ಣ ಲೇಸ್ ದಾರ, 7 ಅಂದರೆ ಜಂಬೋ. 3ಕ್ಕೆ ಡಿಕೆ ಅಂತಲೂ, 4ಕ್ಕೆ ವರ್ಸ್ಟೆಡ್ ಅಥವಾ ಅರಾನ್ ಅಂತಲೂ, 5ಕ್ಕೆ ಬಲ್ಕಿ ಅಥವಾ ಚಂಕಿ ಅಂತಲೂ ಹೆಸರಿದೆ. ನೀವು ನೋಡಿದ 8 ಪ್ಲೈ ಹೆಚ್ಚು ಕಡಿಮೆ 3ನೇ ನಂಬರ್. 10 ಪ್ಲೈ ಅಂದರೆ 4. ಪ್ಲೈ ಅಂದರೆ ಎಳೆ, ಆದರೂ ಎಳೆ ಬಿಡಿಸಿ ಎಣಿಸಲು ಹೋಗಬೇಡಿ. 8 ಪ್ಲೈ ಅಂತ ಬರೆದ ದಾರದಲ್ಲಿ ನಾಲ್ಕೇ ಎಳೆ ಇರಬಹುದು.

ಮಧ್ಯದ ದಪ್ಪ ಯಾಕೆ ಅಂದರೆ, ಕಲಿಯುವಾಗ ಕೈಗಿಂತ ಜಾಸ್ತಿ ಕೆಲಸ ಕಣ್ಣಿಗೆ. ಹೊಸಬರ ಮಫ್ಲರ್ ಹೋಗ್ತಾ ಹೋಗ್ತಾ ಅಗಲ ಆಗುವುದನ್ನು ನೋಡಿರಬಹುದು. ಸಾಲು ತಿರುಗಿಸಿದಾಗ ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋದರೆ ಮೊದಲ ಕುಣಿಕೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದರ ಎರಡೂ ಕಾಲು, ಅಂದರೆ ಕುಣಿಕೆಯ ಎರಡು ಬದಿಯ ದಾರ, ಕಡ್ಡಿಯ ಮೇಲೆ ಬಂದು ಕೂರುತ್ತವೆ, ನೋಡಲು ಎರಡು ಕುಣಿಕೆಯ ಹಾಗೇ ಇರುತ್ತವೆ. ಎರಡನ್ನೂ ಹೆಣೆದರೆ ಆ ಸಾಲಿಗೆ ಒಂದು ಕುಣಿಕೆ ಜಾಸ್ತಿ ಆಯಿತು. 36 ಹಾಕಿ ಶುರು ಮಾಡಿದ್ದು 40 ದಾಟುವುದು ಹೀಗೆ. ದಾರವನ್ನು ಮೊದಲು ಕಡ್ಡಿಯ ಕೆಳಗಡೆಯಿಂದ ಮುಂದಕ್ಕೆ ತಂದು ಸ್ವಲ್ಪ ಕೆಳಗೆ ಎಳೆಯಿರಿ. ಆಗ ಒಂದೇ ಕುಣಿಕೆ ಕಾಣುತ್ತದೆ. ಆಮೇಲೆ ದಾರವನ್ನು ಕಡ್ಡಿಯ ಕೆಳಗಿಂದಲೇ ಹಿಂದಕ್ಕೆ ಒಯ್ದು ಹೆಣೆಯಿರಿ. ಈ ವ್ಯತ್ಯಾಸ 4ನೇ ನಂಬರಿನ ತಿಳಿ ಬಣ್ಣದ ದಾರದಲ್ಲಿ ಚೆನ್ನಾಗಿ ಕಾಣುತ್ತದೆ. ಕಪ್ಪು ಅಥವಾ ಕಡು ನೀಲಿಯಲ್ಲಿ ಏನೂ ಕಾಣುವುದಿಲ್ಲ.

ಸಣ್ಣ ದಾರ ಬೇಡ ಅನ್ನುವುದಕ್ಕೆ ಲೆಕ್ಕವೇ ಸಾಕು. 20 ಸೆಂ.ಮೀ. ಅಗಲದ ಮಫ್ಲರ್‌ಗೆ 4ನೇ ನಂಬರಿನಲ್ಲಿ ಸುಮಾರು 36 ಕುಣಿಕೆ ಬೇಕು, 1ನೇ ನಂಬರಿನಲ್ಲಿ 60. ಸಾಲುಗಳೂ ಅಷ್ಟೇ ಜಾಸ್ತಿ. ಒಂದು ಗೇಣು ಉದ್ದ ಬರುವ ಹೊತ್ತಿಗೇ ಸಾಕುಸಾಕಾಗಿ ಹೋಗುತ್ತದೆ.

ಇನ್ನು ತುಂಬಾ ದಪ್ಪದ್ದು. 6ನೇ ನಂಬರಿಗೆ 8 ಮಿ.ಮೀ. ಅಥವಾ ಅದಕ್ಕಿಂತ ದಪ್ಪನೆಯ ಕಡ್ಡಿ ಬೇಕು. ಅದು ಭಾರ, ಮೊನೆಯೂ ಮೊಂಡು. ಬಿಗಿ ಕುಣಿಕೆಯೊಳಗೆ ತೂರಿಸಲು ಮಣಿಕಟ್ಟು ತಿರುಚಬೇಕಾಗುತ್ತದೆ. ಒಂದು ಕುಣಿಕೆ ಸಡಿಲ ಆದರೂ ದೂರಕ್ಕೆ ಎದ್ದು ಕಾಣುತ್ತದೆ. ಬೇಗ ಮುಗಿಯುತ್ತದೆ ಅನ್ನುವುದು ನಿಜ. ಹಾಗೆಯೇ ಉಂಡೆಯೂ ಬೇಗ ಮುಗಿಯುತ್ತದೆ. 4ನೇ ನಂಬರಿನ 100 ಗ್ರಾಂ ಉಂಡೆಯಲ್ಲಿ ಸುಮಾರು 200 ಮೀಟರ್ ಇದ್ದರೆ, 6ನೇದರಲ್ಲಿ ಅರ್ಧ ಸಿಗುವುದೂ ಕಷ್ಟ. ಅದಕ್ಕೇ ತೂಕ ನೋಡಿ ತಗೋಬೇಡಿ, ಲೇಬಲ್ ಮೇಲೆ ಮೀಟರ್ ಎಷ್ಟಿದೆ ನೋಡಿ.

ಉತ್ತರ: ಮೇಲಿನವರು ಹೇಳಿದ್ದನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಟೋಪಿಗೆ 5ನೇ ನಂಬರ್ ಪರವಾಗಿ ಒಂದು ಮಾತು. ಕಲಿಯಲು ಬರುವವರನ್ನು ನೋಡಿದ್ದೇನೆ. ಕೈ ತಪ್ಪಿದ್ದಕ್ಕೆ ಬಿಡುವವರು ಕಡಿಮೆ, ಕೆಲಸ ಮುಂದೆ ಸಾಗುತ್ತಿಲ್ಲ ಅಂತ ಬಿಡುವವರೇ ಜಾಸ್ತಿ. 50 ಸೆಂ.ಮೀ. ಸುತ್ತಳತೆಯ ಟೋಪಿಗೆ 4ನೇ ನಂಬರಿನಲ್ಲಿ 90 ಕುಣಿಕೆ ಆದರೆ, 5ನೇ ನಂಬರಿನಲ್ಲಿ 65ರ ಆಸುಪಾಸು. ಕಡ್ಡಿ 6 ಅಥವಾ 6.5 ಮಿ.ಮೀ. ಸಾಕು, ಕೈಗೆ ಭಾರ ಅನ್ನಿಸುವುದಿಲ್ಲ. ಮೊದಲನೇ ಟೋಪಿ ಮುಗಿಸಿ ತಲೆಗೆ ಹಾಕಿಕೊಂಡ ಖುಷಿಯಲ್ಲೇ ಎರಡನೆಯದಕ್ಕೆ ಕೂರುತ್ತಾರೆ. 6ಕ್ಕೆ ಮಾತ್ರ ನಾನೂ ಬೇಡ ಅನ್ನುತ್ತೇನೆ.

ಉತ್ತರ: ದಪ್ಪದ ಬಗ್ಗೆ ಎಲ್ಲ ಬಂತು. ದಾರದ ಗುಣವನ್ನೂ ನೋಡಿ ಅಂತ ನನ್ನ ಕೋರಿಕೆ. 4ನೇ ನಂಬರಿನಲ್ಲೇ ಒಂದು ದಾರ ಹೇಳಿದ ಹಾಗೆ ಕೇಳುತ್ತದೆ, ಇನ್ನೊಂದು ಅಳಿಸಿಬಿಡುತ್ತದೆ. ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಹುರಿಯ ವಿರುದ್ಧ ದಿಕ್ಕಿಗೆ ಸ್ವಲ್ಪ ಉರುಳಿಸಿ. ಎಳೆಗಳು ತಕ್ಷಣ ಬಾಯಿ ಬಿಟ್ಟುಕೊಂಡರೆ ಹೆಣೆಯುವಾಗ ಕಡ್ಡಿ ದಾರದ ನಡುವೆಯೇ ತೂರುತ್ತದೆ, ಅರ್ಧ ದಾರ ಹಿಂದೆಯೇ ಉಳಿಯುತ್ತದೆ. ಹುರಿ ಬಿಗಿಯಾಗಿದ್ದರೆ ಒಳ್ಳೆಯದು. ಮೊಹೇರ್ ಥರ ಕೂದಲು ಎದ್ದಿರುವುದು ಈಗ ಬೇಡವೇ ಬೇಡ, ಬಿಚ್ಚಲು ಹೋದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕಲಿಯುವಾಗ ಬಿಚ್ಚುವುದು ಇದ್ದೇ ಇರುತ್ತದೆ ಅಲ್ವಾ?

ಹತ್ತಿ ದಾರ ಎಳೆದರೆ ಹಿಗ್ಗುವುದಿಲ್ಲ, ಬೆರಳು ಬೇಗ ನೋಯುತ್ತದೆ. ಉಣ್ಣೆ ಹಿಗ್ಗುತ್ತದೆ, ಸಣ್ಣಪುಟ್ಟ ಏರುಪೇರು ಒಮ್ಮೆ ಒದ್ದೆ ಮಾಡಿ ಹರವಿ ಒಣಗಿಸಿದರೆ ಸರಿಹೋಗುತ್ತದೆ. ಅಭ್ಯಾಸಕ್ಕೆ ಅಕ್ರಿಲಿಕ್ ಕೂಡ ಪರವಾಗಿಲ್ಲ. ಕಡ್ಡಿ ಬಿದಿರಿನದು ಇರಲಿ, ಲೋಹದ್ದರಲ್ಲಿ ಕುಣಿಕೆ ಜಾರುತ್ತದೆ.

ಮಗುವಿನ ಸ್ವೆಟರ್‌ಗೆ 3ನೇ ನಂಬರ್, 4 ಮಿ.ಮೀ. ಕಡ್ಡಿ. ದಪ್ಪ ದಾರದಲ್ಲಿ ಹಾಕಿದರೆ ಪುಟ್ಟ ತೋಳು ಮಡಚುವುದೇ ಕಷ್ಟ. ಮೆತ್ತಗಿರುವ, ತೊಳೆಯಲು ಸುಲಭವಾದ ದಾರ ನೋಡಿ. ಮಫ್ಲರ್ ಅಳತೆ ಒಂದಿಷ್ಟು ಆಚೀಚೆ ಆದರೂ ನಡೆಯುತ್ತದೆ, ಸ್ವೆಟರ್‌ಗೆ ನಡೆಯುವುದಿಲ್ಲ. ಮೊದಲು 10 ಸೆಂ.ಮೀ.ಗಿಂತ ಸ್ವಲ್ಪ ದೊಡ್ಡ ಚೌಕ ಹೆಣೆದು, ತೊಳೆದು ಒಣಗಿಸಿ, ನಡುವೆ 10 ಸೆಂ.ಮೀ.ಯಲ್ಲಿ ಎಷ್ಟು ಕುಣಿಕೆ ಅಂತ ಎಣಿಸಿ. 22 ಬರಬೇಕಾದಲ್ಲಿ ನಿಮಗೆ 20 ಬಂತು ಅಂದುಕೊಳ್ಳಿ. 110 ಕುಣಿಕೆಯ ಸ್ವೆಟರ್ ಸುತ್ತಳತೆ 50 ಸೆಂ.ಮೀ. ಬದಲು 55 ಆಗುತ್ತದೆ. ಒಂದು ಸೈಜ್ ಸಣ್ಣ ಕಡ್ಡಿ ಹಿಡಿದು ಮತ್ತೆ ನೋಡಿ. ಸ್ವೆಟರ್‌ಗೆ ಬೇಕಾದ ಉಂಡೆಗಳನ್ನೆಲ್ಲ ಒಟ್ಟಿಗೇ ತಗೊಳ್ಳಿ, ಲೇಬಲ್‌ನ ಡೈ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್) ಒಂದೇ ಇರಲಿ. ಬೇರೆ ಲಾಟ್ ಆದರೆ ಅದೇ ಬಣ್ಣದಲ್ಲೂ ಛಾಯೆ ಬೇರೆ ಬರುತ್ತದೆ.

ಉತ್ತರ: ಮನೆಯಲ್ಲಿ ಲೇಬಲ್ ಇಲ್ಲದ ಹಳೇ ಉಂಡೆ ಇದ್ದರೆ ಎಸೆಯಬೇಡಿ. ದಾರವನ್ನು ಒಂದು ಪೆನ್ಸಿಲ್‌ಗೆ ಸುತ್ತಿ. ಎಳೆಯಬೇಡಿ, ಸುಮ್ನೆ ಪಕ್ಕಪಕ್ಕ ಕೂರಿಸಿ. ಒಂದು ಇಂಚಿಗೆ 9ರಿಂದ 12 ಸುತ್ತು ಬಂದರೆ 4ನೇ ನಂಬರ್, 11ರಿಂದ 15 ಬಂದರೆ 3, 6ರಿಂದ 9 ಆದರೆ 5. ಗಡಿಯಲ್ಲಿ ಬಂದರೆ ಎರಡು ಸೈಜಿನ ಕಡ್ಡಿಯಲ್ಲೂ ನಾಲ್ಕು ಸಾಲು ಹೆಣೆದು ನೋಡಿ. ಬಟ್ಟೆ ರಟ್ಟಿನಂತೆ ನಿಂತರೆ ದೊಡ್ಡ ಕಡ್ಡಿ, ಬೆಳಕಿಗೆ ಹಿಡಿದಾಗ ತೂತು ತೂತು ಕಂಡರೆ ಸಣ್ಣದು.